ಈಜು ಬಾರದವರು ಕಯಾಕ್ ಹತ್ತಬಹುದೇ?

"ಸರ್, ನಮ್ಮ ಮನೆಯವರಿಗೆ ಈಜು ಬರಲ್ಲ. ಮುಳಶಿಗೆ ಕಯಾಕಿಂಗಿಗೆ ಕರ್ಕೊಂಡು ಹೋಗಬಹುದಾ?"

ಮಳೆ ನಿಂತು ದಸರಾ ಕಳೆದರೆ ಸಾಕು, ಪುಣೆಯ ನಮ್ಮ ಕನ್ನಡದವರಿಂದ ಈ ಪ್ರಶ್ನೆ ಶುರು. ಮುಳಶಿ ಅಂದರೆ ಪುಣೆ ಬಳಿಯ ಜಲಾಶಯ, ಕಯಾಕ್ ಅಂದರೆ ಪ್ಯಾಡಲ್ (ಹುಟ್ಟು) ಹಾಕಿ ನಡೆಸುವ ಚಿಕ್ಕ ದೋಣಿ. ಮತ್ತೊಮ್ಮೆ ಹೇಳುತ್ತೇನೆ: ಧಾರಾಳವಾಗಿ ಹೋಗಿ. ಗಾಳಿಯಿಲ್ಲದ ಬೆಳಗಿನ ಹೊತ್ತು, ಮೇಲೆ ಕೂರುವ ಅಗಲ ಕಯಾಕ್, ಜೊತೆಗೆ ಬಲ್ಲವರೊಬ್ಬರು, ಮೈಗೆ ಬಿಗಿಯಾಗಿ ಕೂತ ಲೈಫ್ ಜಾಕೆಟ್ ಇರಲಿ. ಮಗುಚಿದರೆ ಒಳಗೆ ಸಿಕ್ಕಿಕೊಳ್ಳುವ ಮಾತೇ ಇಲ್ಲ, ಪಕ್ಕಕ್ಕೆ ನೀರಿಗೆ ಬೀಳುತ್ತೀರಿ, ಅಷ್ಟೇ.

ಈಜು ಬಾರದವರ ಬಗ್ಗೆ ನನಗೆ ಚಿಂತೆಯಿಲ್ಲ, ಅವರು ಹೇಳಿದ ಮಾತು ಕೇಳುತ್ತಾರೆ. "ನಾನು ಕೃಷ್ಣಾ ಹೊಳೆಯಲ್ಲಿ ಈಜಿ ಬೆಳೆದವ, ಈ ನಿಂತ ನೀರಿಗೆ ಜಾಕೆಟ್ ಯಾಕೆ?" ಅನ್ನುವವರದೇ ಚಿಂತೆ. ಎಷ್ಟು ಸಲ ಬಿಡಿಸಿ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ.

ಈಜಲು ಇಳಿಯುವವನು ಉಸಿರು ಹಿಡಿದು ಇಳಿಯುತ್ತಾನೆ. ಕಯಾಕಿನಿಂದ ಬೀಳುವವನು ಮಾತಾಡುತ್ತ, ನಗುತ್ತ, ಬಾಯಿ ತೆರೆದೇ ಬೀಳುತ್ತಾನೆ. ತಣ್ಣೀರು ಮೈಗೆ ತಾಗಿದೊಡನೆ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ. ಆಗ ತಲೆ ನೀರೊಳಗಿದ್ದರೆ ಎಂಥ ಈಜುಗಾರನಿಗೂ ಮೊದಲ ಗುಟುಕು ನೀರೇ. ಇನ್ನು ಮುಳಶಿ, ಪವನಾ ನಮ್ಮೂರ ಕೆರೆಗಳಲ್ಲ, ಅಣೆಕಟ್ಟು ಕಟ್ಟಿ ಮುಳುಗಿಸಿದ ಕಣಿವೆಗಳು. ದಡದಿಂದ ನಾಲ್ಕು ಹೆಜ್ಜೆಗೆ ನೆಲ ಕಾಲಿಗೆ ಸಿಗದಿರಬಹುದು. ಮಧ್ಯಾಹ್ನ ಗಾಳಿ ಎದ್ದರೆ ಖಾಲಿ ಕಯಾಕ್ ನೀವು ಈಜುವುದಕ್ಕಿಂತ ಬೇಗ ದೂರ ಸರಿಯುತ್ತದೆ. ಈಜು ಬಲ್ಲವನೇ ಅದರ ಬೆನ್ನು ಹತ್ತಿ ದಣಿಯುತ್ತಾನೆ. ಪ್ಯಾಡಲ್ ತಲೆಗೆ ಬಡಿದು ಎಚ್ಚರ ತಪ್ಪಿದರಂತೂ ಕಲಿತ ಈಜು ಯಾವ ಕೆಲಸಕ್ಕೂ ಬಾರದು.

ಇನ್ನೊಂದು ಮಾತು. ನೀರಿನಲ್ಲಿ ನಮ್ಮ ಮೈ ಬಹುಪಾಲು ತೇಲುತ್ತದೆ, ಬಾಯಿ ಮೇಲಿರಲು ಕೆಲವೇ ಕೆಜಿ ಆಸರೆ ಸಾಕು. ಜಾಕೆಟ್ಟಿನ ತೇಲಿಸುವ ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. ಕಯಾಕಿಂಗಿನಲ್ಲಿ ಬಳಸುವ 50 ನ್ಯೂಟನ್ ಜಾಕೆಟ್ ಕೊಡುವುದು ಸುಮಾರು 5 ಕೆಜಿ ಆಸರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದನ್ನು ಮಾಡಿರುವುದೇ ಈಜು ಬಲ್ಲವರಿಗೆ! ಈಜು ಬಾರದವರು 100 ನ್ಯೂಟನ್ನಿನದು ಕೇಳಿ ಹಾಕಿಕೊಳ್ಳಬೇಕು.

ಹಾಕಿಕೊಂಡರಷ್ಟೇ ಸಾಲದು. ಪವನಾದಲ್ಲಿ ನಮ್ಮ ಜೊತೆ ಬಂದಿದ್ದ ಒಬ್ಬ ಗಟ್ಟಿಮುಟ್ಟಾದ ಹುಡುಗ ಸೆಕೆ ಅಂತ ಕ್ಲಿಪ್ ಹಾಕದೆ ಕೂತಿದ್ದ. ಬಿದ್ದ ಕೂಡಲೇ ಜಾಕೆಟ್ ಕಿವಿಯವರೆಗೆ ಏರಿತು, ಕೈ ಎರಡೂ ಮೇಲಕ್ಕೆ ನಿಂತವು. ಈಜು ಗೊತ್ತಿದ್ದೂ ಒಂದು ಕೈ ಬೀಸಲಾಗಲಿಲ್ಲ. ಇಬ್ಬರು ಸೇರಿ ಅವನ ಪ್ಯಾಂಟಿನ ಬೆಲ್ಟ್ ಹಿಡಿದು ಎಳೆದುಕೊಂಡೆವು. ಅಂದಿನಿಂದ ದಡದಲ್ಲೇ ಪ್ರತಿಯೊಬ್ಬರ ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆತ್ತಿ ನೋಡುತ್ತೇನೆ. ಗಲ್ಲ ದಾಟಿದರೆ ಪಟ್ಟಿ ಮತ್ತೆ ಬಿಗಿಯಬೇಕು.

ಈ ನಿಂತ ನೀರು ಪಳಗಿದ ಮೇಲೆ, ಘಟ್ಟದ ಕೆಳಗೆ ಕೋಲಾಡ್ ಊರಿನ ಕಡೆ ಕುಂಡಲಿಕಾ ನದಿ ಇದೆ. ಅದು ಹರಿವ ನೀರು, ಅಲ್ಲಿ ಹೊಸಬರು ಒಬ್ಬೊಬ್ಬರೇ ಕಯಾಕಿಗೆ ಕೂರಬೇಡಿ, ಮೊದಲು ಹಲವರು ಒಟ್ಟಿಗೆ ಕೂರುವ ಗಾಳಿ ತುಂಬಿದ ದೋಣಿ, ಅಂದರೆ ರಾಫ್ಟ್ ಹತ್ತಿ.

ಯಾರೂ ಕೇಳದಿದ್ದರೂ ಇದೊಂದು ಹೇಳಲೇಬೇಕು, ಏಕೆಂದರೆ ಅದು ನಮ್ಮ ನಾಡಿಗೆ ಸೇರಿದ್ದು. ಮುಳಶಿಯಲ್ಲಿ ನಿಂತಿರುವುದು ಮುಳಾ ನದಿ. ಸಹಜವಾಗಿ ಅದು ಪೂರ್ವಕ್ಕೆ ಹರಿದು, ಪುಣೆಯಲ್ಲಿ ಮುಠಾ ನದಿ ಸೇರಿ, ಭೀಮೆಯಾಗಿ ಪಂಢರಪುರ ದಾಟಿ ನಮ್ಮ ಗಾಣಗಾಪುರಕ್ಕೆ ಬರುವ ನೀರು. ಕಟ್ಟೆ ಏಳುವಾಗ 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಮುಂದಾಳತ್ವದಲ್ಲಿ ರೈತರು ಸತ್ಯಾಗ್ರಹ ಹೂಡಿದರು, ಆದರೂ ಹಳ್ಳಿಗಳು ಮುಳುಗಿದವು. ಈಗ ಅದೇ ನೀರು ಸುರಂಗ, ಕೊಳವೆಗಳಲ್ಲಿ ಪಶ್ಚಿಮಕ್ಕೆ ಸುಮಾರು 500 ಮೀಟರ್ ಕೆಳಗೆ ಧುಮುಕಿ ಭೀರಾದ ವಿದ್ಯುತ್ ಕೇಂದ್ರದಲ್ಲಿ ವಿದ್ಯುತ್ತಾಗಿ, ಕುಂಡಲಿಕೆಗೆ ಸೇರಿ ರೇವದಂಡಾದಲ್ಲಿ ಸಮುದ್ರ ಮುಟ್ಟುತ್ತದೆ. ನೀವು ಕೋಲಾಡಿನಲ್ಲಿ ಏರಿಳಿಯುವ ಅಲೆ ಆ ನೀರಿನದೇ. ಹಾಗಾಗಿ ಮಳೆಗಾಲ ಬಿಟ್ಟು ಬೇರೆ ದಿನ ಹೊರಡುವವರು ಭೀರಾದಿಂದ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಹಿಂದಿನ ದಿನವೇ ಕೇಳಿಕೊಂಡು, ನಸುಕಿನಲ್ಲೇ ಪುಣೆಯಿಂದ ಕೋಲಾಡಿನ ಕಡೆ ಇಳಿಯುವ ಘಟ್ಟದ ದಾರಿ ತಾಮ್ಹಿಣಿ ಘಾಟ್ ಇಳಿಯಿರಿ.