ಗೇಮಿಂಗ್ ಪಿಸಿ: ಯಾವ ಡ್ರೈವ್‌ನಲ್ಲಿ ಏನಿರಬೇಕು?

ಮನೆಯಲ್ಲೇ ಗೇಮಿಂಗ್ ಪಿಸಿ ಕಟ್ಟಲು ಹೊರಟವರು ಗ್ರಾಫಿಕ್ಸ್ ಕಾರ್ಡ್ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ. ಪ್ರೊಸೆಸರ್ ಯಾವುದು ಅಂತ ಗೆಳೆಯರ ಜೊತೆ ವಾದ ಮಾಡುತ್ತಾರೆ. ಸ್ಟೋರೇಜ್‌ಗೆ ಮಾತ್ರ ಪಟ್ಟಿಯ ಕೊನೆಯಲ್ಲಿ ಒಂದು ಸಾಲು: "ಎಸ್‌ಎಸ್‌ಡಿ, 1 ಟಿಬಿ." ಅಂದರೆ ಫೈಲ್‌ಗಳನ್ನು ಚಿಪ್‌ಗಳಲ್ಲಿ ಇಡುವ ವೇಗದ ಡ್ರೈವ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಮುಂದೆ ನಿಂತು, ಪಿಸಿ ರಿಪೇರಿ ಮಾಡುವ ನನಗೆ ಫೋನ್ ಮಾಡುತ್ತಾರೆ. "ಸರ್, ವಿಂಡೋಸ್‌ಗೆ ಒಂದು ಚಿಕ್ಕದು, ಗೇಮ್‌ಗೆ ಒಂದು ದೊಡ್ಡದು ಹಾಕ್ಲಾ? ಇಲ್ಲಾ ಎಲ್ಲಾದಕ್ಕೂ ಒಂದೇ ಸಾಕಾ?"

ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಈ ಡ್ರೈವ್ ನಾಳೆ ಬೆಳಿಗ್ಗೆ ಕೆಟ್ಟುಹೋದರೆ ನಿಮ್ಮದು ಏನೇನು ಹೋಗುತ್ತದೆ?

ವಿಂಡೋಸ್ ಹೋದರೆ ಒಂದು ಪೆನ್ ಡ್ರೈವ್ ಇದ್ದರೆ ಸಾಕು, ಸಂಜೆಯೊಳಗೆ ಮತ್ತೆ ಹಾಕಬಹುದು. ಗೇಮ್ ಹೋದರೆ ಮತ್ತೆ ಡೌನ್‌ಲೋಡ್ ಮಾಡಬಹುದು. ಅದಕ್ಕೆ ಸಮಯ ಬೇಕು, ಅಷ್ಟೇ. 150 ಜಿಬಿಯ ಗೇಮ್ ಇಳಿಯಲು 100 ಎಂಬಿಪಿಎಸ್ ಫೈಬರ್‌ನಲ್ಲಿ ಮೂರೂವರೆ ಗಂಟೆ ಹತ್ತಿರ, 40 ಎಂಬಿಪಿಎಸ್‌ನಲ್ಲಿ ಎಂಟು ಗಂಟೆಗೂ ಜಾಸ್ತಿ. ಆದರೆ ಆನ್‌ಲೈನ್‌ನಲ್ಲಿ ಉಳಿಯದ ಗೇಮ್ ಸೇವ್‌ಗಳು (ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ), ನೀವೇ ರೆಕಾರ್ಡ್ ಮಾಡಿದ ವಿಡಿಯೊಗಳು, ಅದೇ ಪಿಸಿಗೆ ಕಾಪಿ ಮಾಡಿಟ್ಟ ಅಕ್ಕನ ಮದುವೆ ಫೋಟೊಗಳು ಯಾವ ಸರ್ವರ್‌ನಿಂದಲೂ ಇಳಿಯುವುದಿಲ್ಲ. ಡ್ರೈವ್‌ಗಳನ್ನು ಜೋಡಿಸುವಾಗ ವಿಂಡೋಸ್, ಗೇಮ್, ನಿಮ್ಮ ಸ್ವಂತ ಫೈಲ್ ಈ ಮೂರನ್ನು ಬೇರೆ ಬೇರೆಯಾಗಿ ನೋಡಬೇಕು. ಸ್ಪೀಡ್ ಎರಡನೇ ಮಾತು.

ಆದರೂ ಎಲ್ಲರೂ ಕೇಳುವುದು ಸ್ಪೀಡ್ ಬಗ್ಗೆಯೇ, ಅಲ್ವಾ? 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150ರಿಂದ 250 ಎಂಬಿ ಓದುತ್ತದೆ. ಸಾಮಾನ್ಯವಾಗಿ ಕೇಬಲ್‌ನಿಂದ ಸೇರುವ ಸಾಟಾ ಎಸ್‌ಎಸ್‌ಡಿ 550 ಎಂಬಿ ಆಸುಪಾಸು. ನೇರ ಮದರ್‌ಬೋರ್ಡ್‌ಗೇ ಸಿಕ್ಕಿಸುವ ಎನ್‌ವಿಎಂಇ ಎಸ್‌ಎಸ್‌ಡಿ ಜೆನ್ 3 (ಮೂರನೇ ತಲೆಮಾರು) ಆದರೆ 3500, ಜೆನ್ 4 ಆದರೆ 7000, ಜೆನ್ 5ರಲ್ಲಿ 10,000 ದಾಟುತ್ತದೆ. ಡಬ್ಬದ ಮೇಲಿನ ಈ ಅಂಕಿ ದೊಡ್ಡ ಫೈಲನ್ನು ಒಂದೇ ಸಮ ಓದುವಾಗಿನದು. ಗೇಮ್ ಲೋಡ್ ಆಗುವಾಗ ನಡೆಯುವುದೇ ಬೇರೆ. ಸಾವಿರಾರು ಚಿಕ್ಕ ತುಂಡುಗಳನ್ನು ಓದಬೇಕು. ಓದಿದ್ದನ್ನು ಪ್ರೊಸೆಸರ್ ಬಿಚ್ಚಬೇಕು. ಶೇಡರ್ (ಚಿತ್ರ ಮೂಡಿಸಲು ಗ್ರಾಫಿಕ್ಸ್ ಕಾರ್ಡ್ ನಡೆಸುವ ಚಿಕ್ಕ ಪ್ರೋಗ್ರಾಂ) ತಯಾರಾಗಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಆ ಚಿಕ್ಕ ತುಂಡುಗಳನ್ನು ಹುಡುಕಲು ಒಳಗಿನ ಮುಳ್ಳು ಅತ್ತಿತ್ತ ಓಡಾಡಬೇಕಾದ್ದರಿಂದ ವೇಗ ಸೆಕೆಂಡಿಗೆ ಒಂದೆರಡು ಎಂಬಿಗೆ ಇಳಿದುಬಿಡುತ್ತದೆ. ಅದಕ್ಕೇ ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಭೂಮಿ ಆಕಾಶದ ವ್ಯತ್ಯಾಸ. ಸಾಟಾದಿಂದ ಎನ್‌ವಿಎಂಇಗೆ ಬಂದರೆ ಕೆಲವು ಸೆಕೆಂಡು ಉಳಿಯಬಹುದು. ಜೆನ್ 4ರಿಂದ ಜೆನ್ 5ಕ್ಕೆ ಹೋದರೆ ಗಡಿಯಾರ ಹಿಡಿದು ಕೂತರೂ ಬಹಳಷ್ಟು ಗೇಮ್‌ಗಳಲ್ಲಿ ಗೊತ್ತಾಗುವುದಿಲ್ಲ.

ಡ್ರೈವ್‌ನಿಂದ ಗೇಮ್ ಫೈಲ್‌ಗಳನ್ನು ಬೇಗ ಎಳೆದುಕೊಳ್ಳಲು ಮೈಕ್ರೋಸಾಫ್ಟ್ ಮಾಡಿದ ಡೈರೆಕ್ಟ್‌ಸ್ಟೋರೇಜ್ ಬಂದರೆ ಇದೆಲ್ಲ ಬದಲಾಗುತ್ತದೆ ಅಂತ ಹೇಳುತ್ತಿದ್ದರು. ಅದನ್ನು ಬಳಸಿದ ಮೊದಲ ಪಿಸಿ ಗೇಮ್ 'ಫೋರ್‌ಸ್ಪೋಕನ್' ಬಂದಿದ್ದು 2023ರ ಜನವರಿಯಲ್ಲಿ. ಅದೇ ವರ್ಷ ಜುಲೈನಲ್ಲಿ 'ರಾಚೆಟ್ ಆ್ಯಂಡ್ ಕ್ಲಾಂಕ್: ರಿಫ್ಟ್ ಅಪಾರ್ಟ್' ಫೈಲ್ ಬಿಚ್ಚುವ ಕೆಲಸವನ್ನೂ ಗ್ರಾಫಿಕ್ಸ್ ಕಾರ್ಡಿಗೆ ವಹಿಸಿತು. ಆಮೇಲೆ ಈ ದಾರಿ ಹಿಡಿದ ಗೇಮ್‌ಗಳು ಇನ್ನೂ ಕಡಿಮೆಯೇ. ಹಾಗಾಗಿ ಅದನ್ನು ನಂಬಿ ಜೆನ್ 5ಕ್ಕೆ ದುಡ್ಡು ಸುರಿಯಬೇಡಿ. ಅದೇ ದುಡ್ಡಿಗೆ ಜೆನ್ 4ರಲ್ಲಿ ಜಾಸ್ತಿ ಜಾಗ ತಗೊಳ್ಳಿ. ಆದರೆ ಹಾರ್ಡ್ ಡಿಸ್ಕ್‌ನಲ್ಲಿ ಹೊಸ ಗೇಮ್ ಆಡುವ ಕಾಲ ಮುಗಿಯಿತು. ಸೈಬರ್‌ಪಂಕ್ 2077, ಸ್ಟಾರ್‌ಫೀಲ್ಡ್, ಬಾಲ್ಡರ್ಸ್ ಗೇಟ್ 3 ಎಲ್ಲವೂ ಎಸ್‌ಎಸ್‌ಡಿ ಬೇಕು ಎಂದೇ ಬರೆದುಕೊಂಡಿವೆ.

ಈಗ ನನಗೆ ಎಲ್ಲಕ್ಕಿಂತ ಬೇಸರ ತರಿಸುವ ವಿಷಯಕ್ಕೆ ಬರುತ್ತೇನೆ. ಹೊಸ 1 ಟಿಬಿ ಎಸ್‌ಎಸ್‌ಡಿ ತಂದು ಅದನ್ನು ಸಿ, ಡಿ, ಇ ಅಂತ ಮೂರು ಪಾರ್ಟಿಷನ್ (ಭಾಗ) ಮಾಡುವ ಅಭ್ಯಾಸ. ಅಸೆಂಬಲ್ ಮಾಡಿಕೊಟ್ಟವರು ಸಿ ಡ್ರೈವ್‌ಗೆ 100 ಜಿಬಿ ಕೊಟ್ಟಿರುತ್ತಾರೆ. ಆರು ತಿಂಗಳಲ್ಲಿ ಸಿ ಡ್ರೈವ್ ತುಂಬಿ ಅದರ ಪಟ್ಟಿ ಕೆಂಪಾಗುತ್ತದೆ. ಪಕ್ಕದಲ್ಲೇ ಇ ಡ್ರೈವ್‌ನಲ್ಲಿ 300 ಜಿಬಿ ಸುಮ್ನೆ ಖಾಲಿ ಬಿದ್ದಿರುತ್ತದೆ. ಮನೆಯವರು "ಕಂಪ್ಯೂಟರ್ ಸ್ಲೋ ಆಯ್ತು" ಅಂತ ಫೋನ್ ಮಾಡುತ್ತಾರೆ.

ಈ ಅಭ್ಯಾಸಕ್ಕೆ ಹಿಂದೆ ಕಾರಣ ಇತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪದೇಪದೇ ಫಾರ್ಮ್ಯಾಟ್ ಮಾಡಬೇಕಾಗುತ್ತಿತ್ತು. ಸಿ ಅಳಿಸಿದರೂ ಡಿ ಉಳಿಯಲಿ ಅನ್ನುವುದು ಒಳ್ಳೆಯ ಯೋಚನೆಯೇ. ಇವತ್ತು ಮಾತ್ರ ಗೇಮ್ ಡಿಯಲ್ಲಿದ್ದರೂ ಅದರ ಶೇಡರ್ ಕ್ಯಾಶ್ (ತಯಾರಾದ ಶೇಡರ್‌ಗಳ ಸಂಗ್ರಹ), ಲಾಂಚರ್‌ಗಳು, ಅಪ್‌ಡೇಟ್‌ಗಳು, ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಜಾಗ) ಎಲ್ಲವೂ ಸಿಗೇ ಬಂದು ಬೀಳುತ್ತವೆ. 100 ಜಿಬಿ ಯಾವ ಮೂಲೆಗೂ ಸಾಲದು. ದೊಡ್ಡದು ಮಾಡೋಣ ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಮಂಕಾಗಿರುತ್ತದೆ. ಯಾಕೆಂದರೆ ಖಾಲಿ ಜಾಗ ಸಿ ಪಕ್ಕದಲ್ಲೇ ಇರಬೇಕು, ನಡುವೆ ರಿಕವರಿ ಪಾರ್ಟಿಷನ್ನೋ ಡಿ ಡ್ರೈವೋ ಕೂತಿರುತ್ತದೆ. ಅದಕ್ಕಿಂತ ಮುಖ್ಯವಾದ ಮಾತು: ಸಿ, ಡಿ, ಇ ಮೂರೂ ಇರುವುದು ಒಂದೇ ಚಿಪ್‌ಗಳ ಮೇಲೆ. ಕೆಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ. ಡಿಯಲ್ಲಿಟ್ಟ ಫೋಟೊ ಭದ್ರ ಅಂತ ನಂಬಿಕೊಂಡವರಿಗೆ ಇದನ್ನು ತಿಳಿಸುವುದು ನನ್ನ ಕೆಲಸದಲ್ಲಿ ಬಹಳ ಕಷ್ಟದ ಭಾಗ. ಒಂದು ಡ್ರೈವ್, ಒಂದೇ ಪಾರ್ಟಿಷನ್. ಬೇರೆ ಜಾಗ ಬೇಕಾದರೆ ಬೇರೆ ಡ್ರೈವ್ ಹಾಕಿ.

ಹಾಗಾದರೆ ಎಷ್ಟು ಡ್ರೈವ್? ದುಡ್ಡು ಬಿಗಿ ಇದ್ದರೆ ಮೊದಲಿಗೆ 1 ಟಿಬಿಯ ಒಂದು ಒಳ್ಳೆಯ ಎನ್‌ವಿಎಂಇ ಸಾಕು. ವಿಂಡೋಸ್ ಲೆಕ್ಕದಲ್ಲಿ ಅದು 931 ಜಿಬಿ. ಅದರಲ್ಲಿ 15-20 ಶೇಕಡಾ ಖಾಲಿ ಬಿಡಬೇಕು. ತುಂಬಿದ ಎಸ್‌ಎಸ್‌ಡಿ ಬರೆಯುವಾಗ ತಿಣುಕುತ್ತದೆ. ವಿಂಡೋಸ್ ತೆಗೆದರೆ ದೊಡ್ಡ ಗೇಮ್‌ಗಳು ನಾಲ್ಕೋ ಐದೋ ಹಿಡಿಸುತ್ತವೆ. ಮುಂದೆ ಕೈಯಲ್ಲಿ ದುಡ್ಡು ಆಡಿದಾಗ ಎರಡನೇ ಸ್ಲಾಟ್‌ಗೆ 2 ಟಿಬಿ ಹಾಕಿ, ಗೇಮ್‌ಗಳನ್ನೆಲ್ಲ ಅಲ್ಲಿಗೆ ಸಾಗಿಸಿ. 256 ಜಿಬಿ ಎಸ್‌ಎಸ್‌ಡಿ ಜೊತೆ 1 ಟಿಬಿ ಹಾರ್ಡ್ ಡಿಸ್ಕ್ ಅನ್ನುವ ಹಳೆಯ ಜೋಡಿಯನ್ನು ಈಗ ಯಾರಿಗೂ ಹೇಳುವುದಿಲ್ಲ. ಎರಡು ಡ್ರೈವ್ ಸೇರಿಸಿ ಒಂದೇ ಡ್ರೈವ್‌ನಂತೆ ಬಳಸುವ ರೇಡ್ 0 ಮಾಡುವುದಂತೂ ಬೇಡವೇ ಬೇಡ. ಗೇಮ್ ವೇಗವಾಗುವುದಿಲ್ಲ, ಒಂದು ಕೆಟ್ಟರೂ ಎರಡರಲ್ಲಿದ್ದದ್ದೂ ಹೋಗುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಟಿಎಲ್‌ಸಿ (ಚಿಪ್‌ನ ಒಂದೊಂದು ಕೋಶದಲ್ಲಿ ಮೂರು ಬಿಟ್ ಇಡುವುದು) ಎಂದಿರುವುದನ್ನು ಹುಡುಕಿ. ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಗೇಮ್ ಕಾಪಿ ಮಾಡುವಾಗ ಅದರ ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿದ ಮೇಲೆ ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಕುಸಿಯಬಹುದು. "ಜಾಸ್ತಿ ಆಡಿದ್ರೆ ಎಸ್‌ಎಸ್‌ಡಿ ಸವೆಯುತ್ತಾ?" ಅಂತ ಅಪ್ಪ-ಅಮ್ಮಂದಿರು ಕೇಳುತ್ತಾರೆ. ಆಡುವಾಗ ಹೆಚ್ಚಾಗಿ ನಡೆಯುವುದು ಓದುವ ಕೆಲಸ, ಸವೆಯುವುದು ಬರೆದಾಗ. 1 ಟಿಬಿಯ ಒಳ್ಳೆಯ ಡ್ರೈವ್‌ಗಳಿಗೆ ಸಾಮಾನ್ಯವಾಗಿ ಐದು ವರ್ಷ ಅಥವಾ 600 ಟಿಬಿ ಬರೆಯುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ವಾರಂಟಿ ಇರುತ್ತದೆ. ದಿನಕ್ಕೆ 50 ಜಿಬಿ ಬರೆದರೂ 600 ಟಿಬಿ ಆಗಲು 30 ವರ್ಷ ದಾಟುತ್ತದೆ.

ಇನ್ನು ಸ್ಲಾಟ್. ಇಲ್ಲಿ ಮದರ್‌ಬೋರ್ಡ್ ಮ್ಯಾನುಯಲ್ ಓದದೆ ಬೇರೆ ದಾರಿಯೇ ಇಲ್ಲ. ಎನ್‌ವಿಎಂಇ ಡ್ರೈವ್ ಕೂರುವ ಎಂ.2 ಸ್ಲಾಟ್‌ಗಳು ನೋಡಲು ಒಂದೇ ಥರ, ಒಳಗಿನ ಸಂಪರ್ಕ ಬೇರೆ. ಸಾಮಾನ್ಯವಾಗಿ ಪ್ರೊಸೆಸರ್‌ಗೆ ಹತ್ತಿರದ ಸ್ಲಾಟ್ ನೇರ ಪ್ರೊಸೆಸರ್‌ಗೆ, ಉಳಿದವು ಚಿಪ್‌ಸೆಟ್‌ಗೆ (ಬೋರ್ಡ್ ಮೇಲಿನ ನಿಯಂತ್ರಕ ಚಿಪ್) ಸೇರಿರುತ್ತವೆ. ಎಎಂಡಿಯ ಬಿ550 ಚಿಪ್‌ಸೆಟ್ ಇರುವ ಬೋರ್ಡ್‌ನಲ್ಲಿ ಮೊದಲನೆಯದು ಜೆನ್ 4, ಚಿಪ್‌ಸೆಟ್‌ಗೆ ಸೇರಿದ್ದು ಜೆನ್ 3. ಆ ಮೊದಲ ಸ್ಲಾಟ್‌ನ ವೇಗ ಕೂಡ ಪ್ರೊಸೆಸರ್ ಮೇಲೆ ನಿಂತಿದೆ. ನಮ್ಮಲ್ಲಿ ತುಂಬ ಜನ ಹಾಕಿಸುವ ರೈಜನ್ 5 5600ಜಿ ಪ್ರೊಸೆಸರ್ ಜೆನ್ 3 ಮಾತ್ರ ಕೊಡುತ್ತದೆ. ಜೆನ್ 4 ಡ್ರೈವ್ ಅದರಲ್ಲಿ ಕೆಲಸ ಮಾಡುತ್ತದೆ, ಅರ್ಧ ವೇಗದಲ್ಲಿ.

ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ತುಂಬಿದ ಕೂಡಲೇ ಎರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. "ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆ ಹಾರ್ಡ್ ಡಿಸ್ಕ್ ಕಾಣ್ತಿಲ್ಲ" ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಡಿಸ್ಕ್ ಕೆಟ್ಟಿರುವುದಿಲ್ಲ, ಕೇಬಲ್ಲನ್ನು ಬೇರೆ ಪೋರ್ಟ್‌ಗೆ ಹಾಕಿದರೆ ಬರುತ್ತದೆ. ಇನ್ನು ಕೆಲವು ಹೊಸ ಬೋರ್ಡ್‌ಗಳ ಜೆನ್ 5 ಸ್ಲಾಟ್ ಗ್ರಾಫಿಕ್ಸ್ ಕಾರ್ಡಿನ 16 ಲೇನ್‌ಗಳಲ್ಲಿ (ಡೇಟಾ ಓಡಾಡುವ ದಾರಿ) 8ನ್ನು ಕಿತ್ತುಕೊಳ್ಳುತ್ತದೆ. ಆ ಸ್ಲಾಟ್ ಖಾಲಿ ಬಿಟ್ಟು ಪಕ್ಕದ ಜೆನ್ 4 ಸ್ಲಾಟ್ ಬಳಸುವುದೇ ಜಾಣತನ.

ಬಿಸಿಯನ್ನೂ ನೋಡಬೇಕು. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಸಿಕ್ಕಿಕೊಂಡ ಸ್ಲಾಟ್‌ಗೆ ಗಾಳಿ ಕಡಿಮೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಡ್ರೈವ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಬೋರ್ಡ್ ಜೊತೆ ಬಂದ ಹೀಟ್‌ಸಿಂಕ್ ಹಾಕಿ. ಹಾಕುವ ಮುಂಚೆ ಅದರ ಪ್ಯಾಡ್ ಮೇಲಿರುವ ಪ್ಲಾಸ್ಟಿಕ್ ಹಾಳೆ ಕೀಳಿ. ಅದನ್ನು ಕೀಳದೆ ಬಿಗಿದ ಪಿಸಿಗಳು ರಿಪೇರಿಗೆ ಬರುತ್ತಲೇ ಇರುತ್ತವೆ.

ವಿಂಡೋಸ್ ಹಾಕುವ ದಿನ ಒಂದು ಎಚ್ಚರಿಕೆ. ವಿಂಡೋಸ್ ಹೋಗಬೇಕಾದ ಡ್ರೈವ್ ಒಂದನ್ನೇ ಇಟ್ಟು ಉಳಿದದ್ದನ್ನೆಲ್ಲ ಬಿಚ್ಚಿ. ಹಳೆಯ ಡಿಸ್ಕ್ ಸಿಕ್ಕಿಸಿಯೇ ಇದ್ದರೆ ಇನ್‌ಸ್ಟಾಲರ್ ಕೆಲವೊಮ್ಮೆ ವಿಂಡೋಸನ್ನು ಹೊಸದರಲ್ಲಿ ಇಟ್ಟು ಬೂಟ್ ಫೈಲ್‌ಗಳನ್ನು ಹಳೆಯದರಲ್ಲಿ ಇಡುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಎರಡು ವರ್ಷ ಬಿಟ್ಟು ಆ ಹಳೆಯ ಡಿಸ್ಕ್ ತೆಗೆದ ದಿನ ವಿಂಡೋಸ್ ಶುರುವಾಗುವುದಿಲ್ಲ. ಡ್ರೈವ್‌ನ ಪಾರ್ಟಿಷನ್ ಪಟ್ಟಿ ಜಿಪಿಟಿ ಮಾದರಿಯಲ್ಲೇ ಇರಲಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಗೇಮ್ ಆಡಲು ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗ ಅಧಿಕೃತ ಸಾಫ್ಟ್‌ವೇರ್ ಮಾತ್ರ ಬಿಡುವ ಕಾವಲು) ಬೇಕು, ಹಳೆಯ ಎಂಬಿಆರ್ ಮಾದರಿಯಲ್ಲಿ ಅದು ನಡೆಯದು.

ಎರಡನೇ ಡ್ರೈವ್ ಹಾಕಿದ ಮೇಲೆ ಗೇಮ್ ಫೋಲ್ಡರನ್ನು ಕಟ್ ಮಾಡಿ ಪೇಸ್ಟ್ ಮಾಡಬೇಡಿ. ಗೇಮ್ ಕೊಂಡು ಇಳಿಸಿಕೊಳ್ಳುವ ಆ್ಯಪ್ ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂತ ಇದೆ, ಅಲ್ಲಿಂದಲೇ ಸಾಗಿಸಿ. ಮುಂದೆ ವಿಂಡೋಸ್ ಹೊಸದಾಗಿ ಹಾಕಿದರೂ ಅದೇ ಜಾಗದಲ್ಲಿ ಈ ಡ್ರೈವ್ ಸೇರಿಸಿದರೆ ಗೇಮ್‌ಗಳು ಹಾಗೇ ಸಿಗುತ್ತವೆ. ಎರಡು ಡ್ರೈವ್ ಇರುವುದರ ನಿಜವಾದ ಸುಖ ಇದು.

ಹಾರ್ಡ್ ಡಿಸ್ಕ್‌ಗೆ ಇನ್ನೂ ಒಳ್ಳೆಯ ಕೆಲಸ ಇದೆ. ಗೇಮ್ ರೆಕಾರ್ಡಿಂಗ್ 50 ಎಂಬಿಪಿಎಸ್‌ನಲ್ಲಿ ಮಾಡಿದರೆ ಗಂಟೆಗೆ 22 ಜಿಬಿ ತುಂಬುತ್ತದೆ. ಬೇಕಾಗುವ ವೇಗ ಮಾತ್ರ ಸೆಕೆಂಡಿಗೆ ಆರು ಎಂಬಿ ಚಿಲ್ಲರೆ. ಹಳೆಯ ಡಿಸ್ಕ್‌ಗೂ ಇದು ಭಾರವಲ್ಲ.

ವಾಪಸ್ ಬರದ ವಸ್ತುಗಳಿಗೆ ಪಿಸಿಯ ಹೊರಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕೇ ಬೇಕು. ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್, ಆ್ಯಪ್‌ಡೇಟಾ ಫೋಲ್ಡರ್‌ಗಳಲ್ಲಿ ಸೇವ್‌ಗಳು ಹಂಚಿಹೋಗಿರುತ್ತವೆ. ಸೇವ್‌ಗಳನ್ನು ಆನ್‌ಲೈನ್‌ನಲ್ಲಿ ಉಳಿಸುವ ಸ್ಟೀಮ್ ಕ್ಲೌಡ್ ಎಲ್ಲ ಗೇಮ್‌ಗೂ ಇಲ್ಲ. ತಿಂಗಳಿಗೊಮ್ಮೆ ಕಾಪಿ ಮಾಡಿ, ಕೇಬಲ್ ತೆಗೆದು ಬೀರುವಿನಲ್ಲಿಡಿ. ಕ್ರ್ಯಾಕ್ ಮಾಡಿದ ಗೇಮ್ ಜೊತೆ ಬರುವ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಸಿಕ್ಕಿಸಿಟ್ಟ ಡಿಸ್ಕ್‌ನ್ನೂ ಬಿಡುವುದಿಲ್ಲ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ "16 ಟಿಬಿ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ"ಗಳನ್ನು ಮುಟ್ಟಲೇಬೇಡಿ. ಒಳಗಿರುವುದು ಚಿಕ್ಕ ಮೆಮೊರಿ ಕಾರ್ಡ್, ಬಿಟ್ಟರೆ ಸುಳ್ಳು ಅಂಕಿ.

ವಾರಂಟಿಯಲ್ಲಿ ಹೊಸ ಡ್ರೈವ್ ಸಿಗುತ್ತದೆ, ಹಳೆಯದರಲ್ಲಿದ್ದ ಫೈಲ್ ಸಿಗುವುದಿಲ್ಲ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಬಹಳ ಸಲ ಟಕ್ ಟಕ್ ಸದ್ದು ಮಾಡಿ ಸುಳಿವು ಕೊಡುತ್ತದೆ. ಎಸ್‌ಎಸ್‌ಡಿ ಒಂದು ದಿನ ಸದ್ದಿಲ್ಲದೆ ನಿಲ್ಲಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟು ಹೊಸದಾಗಿ ಹಾಕಿದರೆ ಡ್ರೈವ್‌ಗೆ ತಾನಾಗಿಯೇ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಫೈಲ್ ಓದಲಾಗದ ಬೀಗ) ಬೀಳಬಹುದು. ಆಗ ಮದರ್‌ಬೋರ್ಡ್ ಕೆಟ್ಟು ಆ ಡ್ರೈವನ್ನು ಬೇರೆ ಪಿಸಿಗೆ ಹಾಕಿದರೆ ರಿಕವರಿ ಕೀ ಕೇಳುತ್ತದೆ. 48 ಅಂಕಿಯ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇದೆಯಾ ಅಂತ ಇವತ್ತೇ ನೋಡಿ, ಒಂದು ಹಾಳೆಯಲ್ಲಿ ಬರೆದು ಬಿಲ್ ಜೊತೆ ಇಡಿ. ಅಕೌಂಟ್ ಪಾಸ್‌ವರ್ಡ್ ಮರೆತವರ ಡ್ರೈವ್ ತೆರೆಯಲು ನನ್ನಿಂದಲೂ ಆಗುವುದಿಲ್ಲ.