ಕವರೇಜ್ ನೂರಕ್ಕೆ ನೂರು, ಆದರೂ ಬಗ್!

"ಕೋಡ್ ಕವರೇಜ್ ನೂರಕ್ಕೆ ನೂರಿದೆ ಸರ್, ಆದರೂ ಬಗ್ ಹೇಗೆ ಬಂತು?" ಸಾಫ್ಟ್‌ವೇರ್ ಟೆಸ್ಟಿಂಗ್ ಸಂಶೋಧನೆ ಮಾಡಿಕೊಂಡು, ಆಗೀಗ ಕಂಪನಿಗಳಿಗೆ ಸಲಹೆ ಕೊಡಲು ಹೋಗುವ ನನಗೆ ಈ ಪ್ರಶ್ನೆ ಎದುರಾಗದ ತಿಂಗಳಿಲ್ಲ. ಕೇಳುವವರ ಮುಖದಲ್ಲಿ ಮೋಸಹೋದ ಸಂಕಟ ಕಾಣುವುದರಿಂದ ರೇಗುವುದಕ್ಕೂ ಮನಸ್ಸು ಬರುವುದಿಲ್ಲ.

ಟೆಸ್ಟ್ ನಡೆಯುವಾಗ ಕೋಡಿನ ಈ ಸಾಲು ಓಡಿತು ಅನ್ನುವುದಷ್ಟೇ ಕವರೇಜ್ ಹೇಳುವ ಮಾತು. ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ಯಾರಾದರೂ ನೋಡಿದರೇ? ಕವರೇಜಿಗೆ ಗೊತ್ತಿಲ್ಲ. ಚೆಕಿಂಗ್‌ನವರು ಬಸ್ ಹತ್ತಿ, ಮುಂದಿನ ಬಾಗಿಲಿಂದ ಹಿಂದಿನ ಸೀಟಿನವರೆಗೆ ನಡೆದು, ಯಾರ ಟಿಕೆಟ್ಟನ್ನೂ ಕೇಳದೆ ಇಳಿದುಹೋದರು ಅಂದುಕೊಳ್ಳಿ. ಬಸ್ಸೇನೋ ಪೂರ್ತಿ ಕವರ್ ಆಯಿತು.

ಒಮ್ಮೆ ಟಿಕೆಟ್ ಬುಕಿಂಗ್ ತಂತ್ರಾಂಶದ ತಂಡವೊಂದರ ಜೊತೆ ಕೂತಿದ್ದೆ. 60 ತುಂಬಿದವರಿಗೆ ರಿಯಾಯಿತಿ ಕೊಡಬೇಕು. ಕೋಡಿನಲ್ಲಿ 'ವಯಸ್ಸು 60ಕ್ಕಿಂತ ಹೆಚ್ಚಿದ್ದರೆ' ಅಂತ ಬರೆದಿದ್ದರು. ಟೆಸ್ಟುಗಳು ಎರಡು: ಒಂದರಲ್ಲಿ ವಯಸ್ಸು 30, ಇನ್ನೊಂದರಲ್ಲಿ 70. ಷರತ್ತಿನ ಎರಡೂ ಕವಲು ಓಡಿದವು, ವರದಿ ಹಸಿರಾಯಿತು, ಅಂದರೆ ಎಲ್ಲ ಪಾಸ್. ಸರಿಯಾಗಿ 60 ತುಂಬಿದವರು ಮಾತ್ರ ಪೂರ್ತಿ ಹಣ ಕೊಡುತ್ತಿದ್ದರು. ನಾನು ಆ ಕೋಡ್ ಬರೆದ ಹುಡುಗನ ಲ್ಯಾಪ್‌ಟಾಪಿನಲ್ಲೇ 'ಹೆಚ್ಚು' ಅನ್ನುವುದನ್ನು 'ಹೆಚ್ಚು ಅಥವಾ ಸಮ' ಅಂತ ತಿದ್ದಿ ಟೆಸ್ಟ್ ಓಡಿಸಿದೆ. ಆಗಲೂ ಹಸಿರು! ತಪ್ಪು ಕೋಡಿಗೂ ಸೈ, ಸರಿ ಕೋಡಿಗೂ ಸೈ ಅನ್ನುವ ಟೆಸ್ಟು ಅದು. ಪಾಪ, ಹುಡುಗ ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕೂತ.

ಕೋಡನ್ನು ಬೇಕಂತಲೇ ಹೀಗೆ ಒಂದಿಷ್ಟು ಬದಲಿಸಿ, ಟೆಸ್ಟುಗಳು ಹಿಡಿಯುತ್ತವೆಯೇ ಎಂದು ನೋಡುವುದಕ್ಕೆ ಮ್ಯುಟೇಶನ್ ಟೆಸ್ಟಿಂಗ್ ಅನ್ನುತ್ತಾರೆ; ಅಂಥ ಬದಲಾವಣೆಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿದವು ಅನ್ನುವುದು ಮ್ಯುಟೇಶನ್ ಸ್ಕೋರ್. ಹೊಸದೇನಲ್ಲ; ಡಿಮಿಲೋ, ಲಿಪ್ಟನ್, ಸೇವರ್ಡ್ ಎಂಬ ಸಂಶೋಧಕರು ಈ ಬಗ್ಗೆ ಪ್ರಬಂಧ ಬರೆದದ್ದು 1978ರಲ್ಲಿ. 2014ರಲ್ಲಿ ನಮ್ಮ ಪಕ್ಕದ ಹೈದರಾಬಾದಿನಲ್ಲೇ ನಡೆದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನದಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಇನೊಜೆಮ್‌ತ್ಸೆವಾ ಮತ್ತು ಹೋಮ್ಸ್ ಇದೇ ವಿಧಾನದಿಂದ ಕವರೇಜನ್ನು ಒರೆಗೆ ಹಚ್ಚಿದ ಇನ್ನೊಂದು ಪ್ರಬಂಧ ಮಂಡಿಸಿದರು. ಜಾವಾ ಭಾಷೆಯಲ್ಲಿ ಬರೆದ ಐದು ದೊಡ್ಡ ತಂತ್ರಾಂಶಗಳು, 31,000 ಟೆಸ್ಟ್ ಗುಂಪುಗಳು. ಗುಂಪಿನಲ್ಲಿರುವ ಟೆಸ್ಟುಗಳ ಸಂಖ್ಯೆಯನ್ನು ಸಮ ಮಾಡಿ ನೋಡಿದಾಗ, ಕವರೇಜಿಗೂ ದೋಷ ಹಿಡಿಯುವ ತಾಕತ್ತಿಗೂ ಇದ್ದ ನಂಟು ಸಡಿಲವಾಗಿತ್ತು, ಹೆಚ್ಚೆಂದರೆ ಸಾಧಾರಣ. ಐದೇ ತಂತ್ರಾಂಶಗಳ ಮಾತಿದು, ನಿಮ್ಮದಕ್ಕೆ ಹಾಗೇ ಹೊಂದುತ್ತದೆ ಅಂತ ನಾನು ಬರೆದುಕೊಡಲಾರೆ. ಕವರೇಜ್ ಕಿತ್ತೆಸೆಯಿರಿ ಅಂತಲೂ ಹೇಳುತ್ತಿಲ್ಲ. ಶೇಕಡಾ 40 ಅಂತ ಬಂದರೆ ಉಳಿದ 60ರ ಕಡೆ ಟೆಸ್ಟು ತಲೆ ಹಾಕಿಲ್ಲ ಅಂತಾದರೂ ಗೊತ್ತಾಗುತ್ತದೆ. ಅಷ್ಟಕ್ಕೆ ಅದು ಒಳ್ಳೆಯ ಸಾಧನ.

ಇದನ್ನೆಲ್ಲ ಆ ತಂಡಕ್ಕೆ ಒಂದು ಗಂಟೆ ವಿವರಿಸಿದೆ. ಹುಡುಗ 59, 60, 61ಕ್ಕೆ ಮೂರು ಟೆಸ್ಟ್ ಬರೆದು ತೋರಿಸಿದ, ಖುಷಿಯಾಯಿತು. ಅಷ್ಟರಲ್ಲಿ ಮ್ಯಾನೇಜರ್, "ಅರ್ಥ ಆಯ್ತು ಸರ್. ಇನ್ಮೇಲೆ ಮ್ಯುಟೇಶನ್ ಸ್ಕೋರ್ ಕೂಡ ನೂರಕ್ಕೆ ನೂರು ಬರ್ಬೇಕು ಅಂತ ರೂಲ್ ಮಾಡ್ತೀನಿ" ಅಂದರು. ಕೆಲವು ಬದಲಾವಣೆಗಳಿಂದ ಪ್ರೋಗ್ರಾಮಿನ ನಡವಳಿಕೆಯೇ ಬದಲಾಗುವುದಿಲ್ಲ, ಅಂಥವನ್ನು ಯಾವ ಟೆಸ್ಟೂ ಹಿಡಿಯಲಾರದು, ಎಲ್ಲವನ್ನೂ ಮೊದಲೇ ಗುರುತಿಸಿ ಬದಿಗಿಡುವ ಪ್ರೋಗ್ರಾಂ ಬರೆಯುವುದೂ ಅಸಾಧ್ಯ ಅಂತ ಹೇಳಲು ಬಾಯಿ ತೆರೆದೆ. ಅವರಾಗಲೇ ಮೇಲ್ ಟೈಪ್ ಮಾಡುತ್ತಿದ್ದರು.