ಶಾಲೆಗೆ ಹೇಳಿದರೆ ಕಾಟ ಇನ್ನೂ ಜಾಸ್ತಿ ಆಗುವುದಿಲ್ಲವೇ?

ಪ್ರಶ್ನೆ: ಮಗ ಆರನೇ ಕ್ಲಾಸು. ಎರಡು ತಿಂಗಳಿಂದ ಕ್ಲಾಸಿನ ಮೂವರು ಹುಡುಗರು ಅಡ್ಡಹೆಸರಿಟ್ಟು ಕರೆಯುತ್ತಾರೆ, ಊಟದ ಡಬ್ಬಿ ಕಿತ್ತುಕೊಳ್ಳುತ್ತಾರೆ, ವ್ಯಾನಿನಲ್ಲಿ ತಲೆಗೆ ಮೊಟಕುತ್ತಾರೆ. ಶಾಲೆಗೆ ಬಂದು ಹೇಳುತ್ತೇನೆ ಅಂದರೆ ‘ಬೇಡಮ್ಮ, ಇನ್ನೂ ಜಾಸ್ತಿ ಮಾಡ್ತಾರೆ’ ಅಂತ ಅಳುತ್ತಾನೆ. ನಮ್ಮ ಮನೆಯವರು ‘ನೀನೂ ತಿರುಗಿಸಿ ನಾಲ್ಕು ಬಾರಿಸು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮಗನ ಭಯ ಸುಳ್ಳಲ್ಲ. ಸಾಮಾನ್ಯವಾಗಿ ಆಗುವುದು ಹೀಗೆ. ಅಮ್ಮ ಬೆಳಿಗ್ಗೆ ಗೇಟಿನ ಹತ್ತಿರ ಟೀಚರನ್ನು ಹಿಡಿದು ಹೇಳುತ್ತಾರೆ. ಮೊದಲ ಪೀರಿಯಡ್ಡಿನಲ್ಲೇ ಟೀಚರು ‘ಯಾರ್ರೋ ಇವನಿಗೆ ಹೊಡೆದಿದ್ದು?’ ಎಂದು ಕ್ಲಾಸಿನ ಎದುರೇ ಕೇಳುತ್ತಾರೆ. ಮೂವರೂ ಇಲ್ಲ ಅನ್ನುತ್ತಾರೆ. ಹೆಡ್‌ಮಾಸ್ಟರ ರೂಮಿನಲ್ಲಿ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ‘ಸಾರಿ ಹೇಳ್ರೋ, ಕೈ ಕುಲುಕಿ’ ಎಂದು ಮುಗಿಸುತ್ತಾರೆ. ಸಂಜೆ ವ್ಯಾನಿನಲ್ಲಿ ಹುಡುಗನಿಗೆ ಹೊಸ ಹೆಸರು ಸಿಕ್ಕಿರುತ್ತದೆ: ಚಾಡಿಕೋರ. ರಾಜಿ ಮಾಡಿಸುವುದು ಸಮಬಲರ ಜಗಳಕ್ಕೆ ಸರಿ. ಇಲ್ಲಿ ಒಬ್ಬ ಹೆದರಿದ್ದಾನೆ, ಮೂವರು ಹೆದರಿಲ್ಲ. ಎದುರುಬದುರು ಕೂರಿಸಿದರೆ ಅವನು ಬಾಯಿಯೇ ಬಿಡುವುದಿಲ್ಲ.

‘ಮಕ್ಕಳು ಅಂದಮೇಲೆ ಕೀಟಲೆ ಇದ್ದದ್ದೇ’ ಎಂದು ಶಾಲೆಯವರು ಅನ್ನಬಹುದು. ಕೀಟಲೆ ಬೇರೆ, ಕಾಟ ಬೇರೆ. ಈ ವಿಷಯವನ್ನು ಮೊದಲು ಅಚ್ಚುಕಟ್ಟಾಗಿ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದ್ದಾರೆ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ಆಗುವುದು, ನೊಂದವನಿಗೆ ಎದುರಿಸುವ ಬಲ ಇಲ್ಲದಿರುವುದು. ನಾರ್ವೆಯಲ್ಲಿ 1982ರಲ್ಲಿ ಇಂಥ ಕಾಟಕ್ಕೆ ಸಿಕ್ಕ ಮೂವರು ಹುಡುಗರು ಪ್ರಾಣ ಕಳೆದುಕೊಂಡ ಮೇಲೆ, 1983ರಲ್ಲಿ ದೇಶದ ಶಾಲೆಗಳಲ್ಲೆಲ್ಲ ಆರಂಭವಾದ ಕಾಟ ತಡೆಯುವ ಕೆಲಸಕ್ಕೆ ಅವರ ಸಂಶೋಧನೆಯೇ ಆಧಾರವಾಯಿತು. ನಿಮ್ಮ ಮಗನ ವಿಷಯದಲ್ಲಿ ಮೂರು ಗುರುತೂ ಇವೆ.

ತಿರುಗಿಸಿ ಬಾರಿಸು ಎನ್ನುವುದು ಮೂವರ ಎದುರು ಒಬ್ಬನಿಗೆ ಕೊಡುವ ಸಲಹೆಯಲ್ಲ. ಟೀಚರ ಕಣ್ಣಿಗೆ ಬೀಳುವುದು ಯಾವಾಗಲೂ ಎರಡನೇ ಏಟು. ಆಮೇಲೆ ‘ಇಬ್ಬರದ್ದೂ ತಪ್ಪಿದೆ’ ಎಂದುಬಿಟ್ಟರೆ ನಿಮ್ಮ ದೂರು ಅಲ್ಲಿಗೇ ಮುಗಿಯಿತು.

ಮೊದಲು ಮನೆಯಲ್ಲಿ ಮಾತಾಡಿ. ಎದುರು ಕೂರಿಸಿಕೊಂಡು ವಿಚಾರಣೆ ಬೇಡ. ಅವರೆಕಾಯಿ ಬಿಡಿಸುತ್ತಾ, ಅಂಗಡಿಗೆ ನಡೆಯುತ್ತಾ ಕೇಳಿ. ‘ಯಾಕೆ ಸುಮ್ಮನಿದ್ದೆ?’ ಎಂದರೆ ತಪ್ಪು ಅವನದೇ ಎಂದಂತೆ. ‘ಊಟದ ಬೆಲ್ ಆದಮೇಲೆ ಎಲ್ಲಿ ಕೂರ್ತೀಯ? ವ್ಯಾನಿನಲ್ಲಿ ನಿನ್ನ ಪಕ್ಕ ಯಾರು?’ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲಾರಿರಿ. ‘ನಿನಗೆ ತಿಳಿಸದೆ ಏನೂ ಮಾಡಲ್ಲ’ ಎನ್ನಿ.

ಒಂದು 40 ಪುಟದ ನೋಟ್‌ಬುಕ್ ಇಡಿ. ‘ತುಂಬಾ ತೊಂದರೆ ಕೊಡುತ್ತಾರೆ’ ಎಂದು ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಮಂಗಳವಾರ, ಮಧ್ಯಾಹ್ನ 12:50, ಕೈ ತೊಳೆಯುವ ನಲ್ಲಿ ಹತ್ತಿರ. ಇಬ್ಬರು ಕೈ ಹಿಡಿದರು, ಒಬ್ಬ ಡಬ್ಬಿ ಚರಂಡಿಗೆ ಸುರಿದ. ಏಳನೇ ಕ್ಲಾಸಿನ ಇಬ್ಬರು ನೋಡಿದರು. ಡ್ಯೂಟಿ ಟೀಚರು ಇರಲಿಲ್ಲ.’ ಜಾತಿ, ಧರ್ಮ, ಮೈಬಣ್ಣ ಹಿಡಿದು ಹಂಗಿಸಿದ್ದರೆ ಆಡಿದ ಮಾತನ್ನೇ ಬರೆಯಿರಿ, ನಯ ಮಾಡಬೇಡಿ. ವಾಟ್ಸಾಪ್ ಗ್ರೂಪಿನಲ್ಲಿ ನಡೆದಿದ್ದರೆ ಗ್ರೂಪ್ ಬಿಡುವ ಮೊದಲೇ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಒಂದು ವಾರದ ಬರಹದಲ್ಲೇ ಕಾಟಕ್ಕೆ ಜಾಗ ಮತ್ತು ಹೊತ್ತು ಇರುವುದು ಕಾಣುತ್ತದೆ: ನಲ್ಲಿ, ಶೌಚಾಲಯ, ವ್ಯಾನಿನ ಹಿಂದಿನ ಸೀಟು. ದೊಡ್ಡವರು ಇಲ್ಲದ ಕಡೆಯೇ ಇದು ನಡೆಯುವುದು.

ಶಾಲೆಗೆ ಹೋಗುವಾಗ ಕ್ಲಾಸ್ ಟೀಚರ ಹತ್ತಿರ ಸಮಯ ಕೇಳಿಕೊಂಡು, ಮಕ್ಕಳು ಮನೆಗೆ ಹೋದಮೇಲೆ ಹೋಗಿ. ಪತ್ರ ಎರಡು ಪ್ರತಿ ಇರಲಿ; ಒಂದಕ್ಕೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ‘ಅವರಿಗೆ ಬುದ್ಧಿ ಕಲಿಸಿ’ ಎಂದು ಕೇಳಬೇಡಿ. ಬೆತ್ತದೇಟು ಬಿದ್ದರೆ ಅದು ನಿಮ್ಮ ಮಗನ ಲೆಕ್ಕಕ್ಕೆ ಬರುತ್ತದೆ. ಮೇಲಾಗಿ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೇಳಬೇಕಾದ್ದು ಇದು: ಟೀಚರು ಎರಡು ಮೂರು ದಿನ ಆ ಹೊತ್ತಿಗೆ ಆ ಜಾಗದಲ್ಲಿ ತಾವೇ ನಿಂತು ನೋಡಲಿ. ಆಮೇಲೆ ಮೂವರನ್ನೂ ಬೇರೆಬೇರೆಯಾಗಿ, ಒಬ್ಬರಾದಮೇಲೊಬ್ಬರನ್ನು ಕರೆದು, ‘ನಾನು ನೋಡಿದೆ’ ಎಂದು ಮಾತು ಶುರುಮಾಡಲಿ. ಚಾಡಿಯ ಆರೋಪ ಆಗ ನಿಮ್ಮ ಮಗನ ಮೇಲೆ ಬರುವುದಿಲ್ಲ. ವ್ಯಾನಿನಲ್ಲಿ ಆ ಮೂವರಿಗೆ ಮುಂದಿನ ಸೀಟು, ಡ್ರೈವರ ಅಥವಾ ಆಯಾ ಕಣ್ಣಿಗೆ ಕಾಣುವಂತೆ. ಜಾಗ ಬದಲಿಸಬೇಕಾದವರು ಅವರು. ನಿಮ್ಮ ಮಗನನ್ನೇ ಬೇರೆ ಸೆಕ್ಷನ್ನಿಗೆ ಹಾಕಿದರೆ ಶಿಕ್ಷೆ ಅವನಿಗೇ ಆದಂತೆ.

ಇನ್ನೊಂದು ಕೇಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಕಾಟ ಕೊಡುವವರಿಗೆ ನೋಡುವವರು ಬೇಕು. ನಗುವವರಿಲ್ಲದಿದ್ದರೆ ಆಟ ಸಪ್ಪೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಶಾಲೆಗಳಲ್ಲಿ ಕಾಟ ತಡೆಯುವ ‘ಕಿವಾ’ ಕಾರ್ಯಕ್ರಮ ಸುತ್ತ ನಿಂತವರ ಮೇಲೇ ಹೆಚ್ಚು ಕೆಲಸ ಮಾಡುತ್ತದೆ. ಕ್ಲಾಸಿನ ಇಬ್ಬರು ಒಳ್ಳೆಯ ಹುಡುಗರಿಗೆ ‘ಬಾರೋ, ನಮ್ಮ ಜೊತೆ ಊಟಕ್ಕೆ’ ಎಂದು ಕರೆಯುವ ಕೆಲಸವನ್ನು ಟೀಚರು ಗುಟ್ಟಾಗಿ ಒಪ್ಪಿಸಿದರೆ ಸಾಕು. ಅವರು ಜಗಳಕ್ಕೆ ನಿಲ್ಲಬೇಕಿಲ್ಲ.

ಆ ಹುಡುಗರ ಅಪ್ಪ ಅಮ್ಮನಿಗೆ ನೀವೇ ಫೋನ್ ಮಾಡಬೇಡಿ, ಪೋಷಕರ ಗ್ರೂಪಿನಲ್ಲಿ ಹಾಕಬೇಡಿ. ಅಲ್ಲಿಂದಾಚೆ ಅದು ದೊಡ್ಡವರ ಜಗಳ.

ಎರಡು ವಾರದಲ್ಲಿ ಏನೂ ಆಗದಿದ್ದರೆ ಹೆಡ್‌ಮಾಸ್ಟರಿಗೆ ಬರಹದಲ್ಲಿ ಕೊಡಿ. ಸಿಬಿಎಸ್ಇ ಶಾಲೆಯಾದರೆ ಇದಕ್ಕೆಂದೇ ಸಮಿತಿ ಇರಬೇಕು ಎಂದು ಮಂಡಳಿ 2015ರಲ್ಲೇ ತಿಳಿಸಿದೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು), ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಅಂದಹಾಗೆ, ಅಡ್ಡಹೆಸರು ಎಷ್ಟೋ ಸಲ ಹುಟ್ಟುವುದು ಮೇಷ್ಟ್ರ ಬಾಯಲ್ಲೇ. ಹಾಗಿದ್ದರೆ ಕ್ಲಾಸ್ ಟೀಚರನ್ನು ಬಿಟ್ಟು ನೇರ ಮೇಲೆ ಹೋಗಿ.

ಕೆಲವಕ್ಕೆ ಈ ಮೆಟ್ಟಿಲು ಯಾವುದೂ ಬೇಡ. ಪೆಟ್ಟು ಜೋರಾಗಿದ್ದರೆ ಮೊದಲು ಆಸ್ಪತ್ರೆ, ದಾಖಲೆ ಇಟ್ಟುಕೊಳ್ಳಿ. ಬಟ್ಟೆ ಬಿಚ್ಚಿಸಿದ್ದರೆ, ಮುಟ್ಟಬಾರದ ಕಡೆ ಮುಟ್ಟಿದ್ದರೆ ‘ಒಳಗೇ ಮುಗಿಸೋಣ’ ಎನ್ನುವ ಹಕ್ಕು ಶಾಲೆಗಿಲ್ಲ. ಪೋಕ್ಸೊ ಕಾಯ್ದೆ 2012ರ ಪ್ರಕಾರ ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಸಿಗುತ್ತದೆ, ತುರ್ತಿಗೆ 112. ‘ನಾನು ಇರಲೇಬಾರದು’ ಎಂಬಂಥ ಮಾತು ಮಗುವಿನ ಬಾಯಲ್ಲಿ ಬಂದರೆ ಅಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ ಹೊತ್ತಿನಲ್ಲಿ ಅವನನ್ನು ಒಂಟಿಯಾಗಿ ಬಿಡಬೇಡಿ.

ವಾರದೊಳಗೆ ಶಾಲೆಯವರು ‘ಎಲ್ಲ ಸರಿಹೋಯ್ತು’ ಎನ್ನುತ್ತಾರೆ. ನೋಟ್‌ಬುಕ್ ಆಗಲೇ ಎತ್ತಿಡಬೇಡಿ. ಡಬ್ಬಿ ಖಾಲಿಯಾಗಿ ಬಂದ ದಿನ ‘ಯಾರ ಜೊತೆ ತಿಂದೆ?’ ಎಂದಷ್ಟೇ ಕೇಳಿ. ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಮತ್ತೆ ಗಮನ ಕೊಡಿ: ವ್ಯಾನಿನ ಸೀಟುಗಳು ಅದಲುಬದಲಾಗುವುದು ಆಗಲೇ.